ದಾಳಿಂಬೆ ಕಾಂಡದ ಶಾಟ್ ಹೋಲ್ ದುಂಬಿ: ಮಧುಗಿರಿ ಉಪವಿಭಾಗದ ದಾಖಲೆಗಳನ್ನು ಓದುವವರಿಗೆ ಒಂದು ಟಿಪ್ಪಣಿ

1. ವಿಷಯ ಮತ್ತು ವ್ಯಾಪ್ತಿ

ದಾಳಿಂಬೆ ಗಿಡದ ಬುಡದಲ್ಲೂ ಕಾಂಡದಲ್ಲೂ ಸುಮಾರು 1 ಮಿಲಿಮೀಟರ್ ಅಗಲದ ದುಂಡು ತೂತು ಕೊರೆದು ಒಳಸೇರುವ ಸಣ್ಣ ದುಂಬಿ ಈ ಟಿಪ್ಪಣಿಯ ವಿಷಯ. ಬೆಳೆಗಾರರು ಇದನ್ನು ಶಾಟ್ ಹೋಲ್ ಬೋರರ್ ಎನ್ನುತ್ತಾರೆ. ಕಾಂಡಕೊರಕ ಎಂಬ ಸಾಮಾನ್ಯ ಹೆಸರೂ ಬಳಕೆಯಲ್ಲಿದೆ. ಆದರೆ ಮಾವಿನ ಕಾಂಡ ಕೊರೆಯುವ ಬ್ಯಾಟೊಸೆರಾ ರುಫೊಮ್ಯಾಕುಲೇಟಾ ಎಂಬ ಉದ್ದಮೀಸೆಯ ದುಂಬಿಗೂ ತೊಗಟೆ ತಿನ್ನುವ ಇಂಡರ್ಬೆಲಾ ಹುಳುವಿಗೂ ಅದೇ ಹೆಸರು ಸಲ್ಲುವುದರಿಂದ, ಹಳೆಯ ವರದಿಗಳನ್ನು ಓದುವಾಗ ತೂತಿನ ಅಳತೆಯನ್ನೇ ಮೊದಲ ಗುರುತಾಗಿ ಹಿಡಿಯುವುದು ಕ್ಷೇಮ. ಬ್ಯಾಟೊಸೆರಾದ ತೂತು ಬೆರಳಗಲಕ್ಕೆ ಹತ್ತಿರವಿರುತ್ತದೆ. ಇಂಡರ್ಬೆಲಾ ತೊಗಟೆಯ ಮೇಲೆ ನೂಲು ಮತ್ತು ಹಿಕ್ಕೆ ಬೆರೆತ ಪಟ್ಟಿಯನ್ನು ಬಿಡುತ್ತದೆ. ಇವೆರಡೂ ಈ ಟಿಪ್ಪಣಿಯ ಹೊರಗಿವೆ.

ಪ್ರದೇಶದ ಮಟ್ಟಿಗೆ, ದಕ್ಷಿಣದಲ್ಲಿ ಕೊರಟಗೆರೆ ತಾಲ್ಲೂಕಿನ ಗೊರವನಹಳ್ಳಿ ಮತ್ತು ತೀತಾ ಜಲಾಶಯದ ಸುತ್ತಲಿನ ಬಯಲಿನಿಂದ ಮಧುಗಿರಿ, ಸಿರಾಗಳನ್ನು ಹಾದು ಉತ್ತರದಲ್ಲಿ ಪಾವಗಡದವರೆಗಿನ ನಾಲ್ಕು ತಾಲ್ಲೂಕುಗಳನ್ನು ಇಲ್ಲಿ ಗಮನಿಸಲಾಗಿದೆ. ಆಡಳಿತದ ಲೆಕ್ಕದಲ್ಲಿ ಇವು ಮಧುಗಿರಿ ಉಪವಿಭಾಗ; ಕೃಷಿ ಹವಾಮಾನ ವಿಂಗಡಣೆಯಲ್ಲಿ ನಾಲ್ಕೂ ಕರ್ನಾಟಕದ ಮಧ್ಯ ಒಣ ವಲಯಕ್ಕೆ ಸೇರುತ್ತವೆ. ಪಾವಗಡವನ್ನು ಬಹುಪಾಲು ಆಂಧ್ರಪ್ರದೇಶ ಸುತ್ತುವರಿದಿರುವುದರಿಂದ ಅನಂತಪುರ ಜಿಲ್ಲೆಯ ಹೆಸರಿನಲ್ಲಿ ಬಂದಿರುವ ದಾಖಲೆಗಳನ್ನೂ ಜೊತೆಗಿಟ್ಟು ನೋಡಬೇಕಾಗುತ್ತದೆ. ಮಡಕಶಿರಾ, ಹಿಂದೂಪುರ ಭಾಗ 2022ರ ಏಪ್ರಿಲ್‌ನಿಂದ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ.

ಟಿಪ್ಪಣಿ ಎತ್ತಿಕೊಂಡಿರುವ ಪ್ರಶ್ನೆಗಳು ಎರಡು. ದಾಳಿಂಬೆಯಲ್ಲಿ ಸಿಗುವ ಈ ದುಂಬಿಗೆ ಯಾವ ಪ್ರಭೇದದ ಹೆಸರು ಸಲ್ಲುತ್ತದೆ? ದಾಳಿಂಬೆಯ ಸೊರಗು ರೋಗಕ್ಕೂ ಇದಕ್ಕೂ ಯಾವ ಬಗೆಯ ನಂಟು? ಮೊದಲನೆಯದು ವರ್ಗೀಕರಣದ ಪ್ರಶ್ನೆ, ಎರಡನೆಯದು ತೋಟದ ಪ್ರಶ್ನೆ ಎಂದು ಬೇರ್ಪಡಿಸುವ ರೂಢಿಯಿದೆ. ಮೊದಲನೆಯದಕ್ಕೆ ಉತ್ತರವಿಲ್ಲದೆ ಎರಡನೆಯದು ಬಗೆಹರಿಯುವುದು ಕಷ್ಟ ಎಂಬುದು ಇಲ್ಲಿನ ಮುಖ್ಯ ನಿಲುವು.

2. ಜೀವನಕ್ರಮ

2.1. ಈ ದುಂಬಿಗಳು ಹಳೆಯ ಪುಸ್ತಕಗಳಲ್ಲಿ ಸ್ಕಾಲಿಟಿಡೆ ಎಂಬ ಪ್ರತ್ಯೇಕ ಕುಟುಂಬದಲ್ಲಿವೆ. ಈಗ ಅವನ್ನು ಸೊಂಡಿಲು ದುಂಬಿಗಳ ಕರ್ಕ್ಯುಲಿಯೊನಿಡೆ ಕುಟುಂಬದ ಸ್ಕಾಲಿಟಿನೆ ಉಪಕುಟುಂಬವೆಂದು ಎಣಿಸುತ್ತಾರೆ. ಸ್ಟೆಬಿಂಗ್ 1914ರಲ್ಲಿ ಪ್ರಕಟಿಸಿದ ಭಾರತದ ಅರಣ್ಯ ಕೀಟಗಳ ಗ್ರಂಥವನ್ನೂ ಬೀಸನ್ 1941ರಲ್ಲಿ ಡೆಹ್ರಾಡೂನಿನಿಂದ ತಂದ ಗ್ರಂಥವನ್ನೂ ಬಳಸುವವರು ಈ ಬದಲಾವಣೆಯನ್ನು ನೆನಪಿಟ್ಟುಕೊಂಡರೆ ಹುಡುಕಾಟ ಸುಲಭವಾಗುತ್ತದೆ.

2.2. ಇವು ಅಂಬ್ರೋಸಿಯಾ ದುಂಬಿಗಳೆಂಬ ಗುಂಪಿಗೆ ಸೇರಿದವು. ಮರವನ್ನು ಕೊರೆಯುತ್ತವೆ, ಆದರೆ ತಿನ್ನುವುದಿಲ್ಲ. ಸುರಂಗದ ಗೋಡೆಯ ಮೇಲೆ ತಾವೇ ಬಿತ್ತಿ ಬೆಳೆಸುವ ಶಿಲೀಂಧ್ರವೇ ತಾಯಿಗೂ ಮರಿಗೂ ಆಹಾರ. ಗೋಡೆಯ ಮೇಲಿನ ಈ ಪದರಕ್ಕೆ ಅಂಬ್ರೋಸಿಯಾ ಎಂದು ಹೆಸರಿಟ್ಟವನು ಆಸ್ಟ್ರಿಯಾದ ಶ್ಮಿಡ್‌ಬರ್ಗರ್, 1836ರಲ್ಲಿ. ಅದು ಶಿಲೀಂಧ್ರವೆಂದು ಥಿಯೊಡೋರ್ ಹಾರ್ಟಿಗ್ ಗುರುತಿಸಿದ್ದು 1844ರಲ್ಲಿ. ನಡುವಿನ ಎಂಟು ವರ್ಷ ಆ ಪದರವನ್ನು ಮರದ ರಸದಿಂದ ಆದದ್ದೆಂದು ಭಾವಿಸಲಾಗಿತ್ತು.

2.3. ದಾಳಿಂಬೆಯ ದುಂಬಿಗೆ ಸಲ್ಲಬಹುದಾದ ಹೆಸರುಗಳಲ್ಲಿ ಒಂದಾದ (ಭಾಗ 3 ನೋಡಿ) ಯೂವಲ್ಲೇಸಿಯಾ ಫೋರ್ನಿಕೇಟಸ್ ಗುಂಪಿನ ಹೆಣ್ಣು ಸುಮಾರು 1.8ರಿಂದ 2.5 ಮಿಲಿಮೀಟರ್ ಉದ್ದ, ಎಂದರೆ ರಾಗಿ ಕಾಳಿಗಿಂತ ತುಸು ದೊಡ್ಡದು. ಮೈ ಗಿಡ್ಡ ಮತ್ತು ದಪ್ಪ. ಬಣ್ಣ ಕಡುಗಂದಿನಿಂದ ಕಪ್ಪು. ಗಂಡು ಇನ್ನೂ ಚಿಕ್ಕದು, ಹಾರಲಾರದು. ಹೆಣ್ಣಿನ ಬಾಯಿಯ ಭಾಗದಲ್ಲಿ, ದವಡೆಗಳ ಬುಡಕ್ಕೆ ಹೊಂದಿಕೊಂಡು, ಒಂದು ಜೊತೆ ಸೂಕ್ಷ್ಮ ಚೀಲಗಳಿವೆ. ಮೈಕ್ಯಾಂಜಿಯ ಎಂಬ ಹೆಸರಿನ ಈ ಚೀಲಗಳಲ್ಲಿ ಶಿಲೀಂಧ್ರದ ಬೀಜಕಣಗಳನ್ನು ಹೊತ್ತೇ ಅದು ಹುಟ್ಟಿದ ಗಿಡವನ್ನು ಬಿಡುತ್ತದೆ.

2.4. ಹೊಸ ಗಿಡಕ್ಕೆ ಬಂದ ಹೆಣ್ಣು ಒಂಟಿಯಾಗಿಯೇ ತೊಗಟೆಯನ್ನು ದಾಟಿ ಒಳಗಿನ ಹಸಿ ಮರಭಾಗಕ್ಕೆ ಸುರಂಗ ಕೊರೆಯುತ್ತದೆ. ಕೊರೆಪುಡಿ ತೂತಿನ ಬಾಯಲ್ಲಿ ಹಿಟ್ಟಿನಂತೆ ಕಾಣಿಸಿಕೊಳ್ಳುತ್ತದೆ. ಮಳೆ ಬಿದ್ದರೆ ಈ ಗುರುತು ತೊಳೆದುಹೋಗುವುದರಿಂದ, ಒಣ ದಿನಗಳಲ್ಲಿ ಮಾಡಿದ ಎಣಿಕೆಯನ್ನೂ ಮಳೆಗಾಲದ ಎಣಿಕೆಯನ್ನೂ ಹೋಲಿಸಿ ಬಾಧೆ ಹೆಚ್ಚಿತು, ಇಳಿಯಿತು ಎನ್ನುವುದು ಸರಿಯಲ್ಲ. ಶಿಲೀಂಧ್ರ ಗೋಡೆಯಲ್ಲಿ ಬೇರೂರಿದ ಮೇಲೆ ತಾಯಿ ಮೊಟ್ಟೆಯಿಡುತ್ತದೆ. ಮೊಟ್ಟೆ, ಮರಿಹುಳು, ಕೋಶ ಎಂಬ ಎಲ್ಲ ಹಂತಗಳೂ ಆ ಸುರಂಗದಲ್ಲೇ ಕಳೆಯುತ್ತವೆ. ಒಟ್ಟು ಅವಧಿ ಉಷ್ಣತೆಯನ್ನು ಅವಲಂಬಿಸಿದೆ: ಬಿಸಿಲು ಹೆಚ್ಚಿದಂತೆ ಒಂದು ಮಿತಿಯವರೆಗೆ ಕುಗ್ಗುತ್ತದೆ, ಚಳಿಯಲ್ಲಿ ಹಿಗ್ಗುತ್ತದೆ. ಇದೇ ಗುಂಪಿನ ಬಗ್ಗೆ ಶ್ರೀಲಂಕಾದ ಚಹಾ ತೋಟಗಳಿಂದ ಬಂದ ದಿನಗಳ ಲೆಕ್ಕವನ್ನು ಪಾವಗಡದ ಏಪ್ರಿಲ್ ತಿಂಗಳಿಗೆ ಹಾಗೆಯೇ ಅನ್ವಯಿಸಬಾರದು.

2.5. ಸಂತಾನೋತ್ಪತ್ತಿಯ ಕ್ರಮವೇ ಈ ಗುಂಪು ದೂರದೇಶಗಳಲ್ಲಿ ನೆಲೆಯೂರಲು ಮುಖ್ಯ ಕಾರಣವೆಂದು ತೋರುತ್ತದೆ. ಫಲಿತ ಮೊಟ್ಟೆಯಿಂದ ಹೆಣ್ಣು, ಫಲಿತವಾಗದ ಮೊಟ್ಟೆಯಿಂದ ಗಂಡು. ಒಂದು ಸುರಂಗದ ಸಂತಾನದಲ್ಲಿ ಗಂಡುಗಳು ಕೆಲವೇ. ಸೋದರ ಸೋದರಿಯರ ಕೂಟ ಸುರಂಗದ ಒಳಗೇ ನಡೆಯುತ್ತದೆ. ಹೆಣ್ಣುಗಳು ಗರ್ಭ ಧರಿಸಿ, ಶಿಲೀಂಧ್ರವನ್ನೂ ತುಂಬಿಕೊಂಡು, ತಾಯಿ ಕೊರೆದ ಅದೇ ತೂತಿನಿಂದ ಹೊರಬರುತ್ತವೆ. ಹೀಗಾಗಿ ತೂತುಗಳ ಸಂಖ್ಯೆ ಬಂದ ತಾಯಂದಿರ ಸಂಖ್ಯೆಗೆ ಹತ್ತಿರವಿರಬಹುದು. ಹೊರಟ ದುಂಬಿಗಳ ಲೆಕ್ಕ ಅದರಿಂದ ಸಿಗದು. ಹಲವು ಕ್ಷೇತ್ರ ವರದಿಗಳು ಇವೆರಡನ್ನೂ ಒಂದೇ ಎಂಬಂತೆ ಬಳಸುತ್ತವೆ. ಕೂಡದ ಹೆಣ್ಣೂ ಗಂಡುಮರಿ ಹಡೆದು, ಅದರೊಂದಿಗೇ ಕೂಡಿ ಮುಂದುವರಿಯಬಲ್ಲದು ಎಂಬುದು ಈ ಗುಂಪಿನ ದುಂಬಿಗಳಲ್ಲಿ ಗೊತ್ತಿರುವ ಸಂಗತಿ. ಒಂದೇ ಒಂದು ಹೆಣ್ಣು ಪ್ಯಾಕಿಂಗ್ ಮರದ ತುಂಡಿನಲ್ಲಿ ದಾಟಿದರೂ ಹೊಸ ನೆಲೆ ಹುಟ್ಟುವ ಸಾಧ್ಯತೆ ಉಳಿಯುತ್ತದೆ. ಅಂತರರಾಷ್ಟ್ರೀಯ ಸಾಗಾಟದ ಪ್ಯಾಕಿಂಗ್ ಮರವನ್ನು ಅದರ ಒಳಭಾಗದವರೆಗೂ 56 ಡಿಗ್ರಿ ಸೆಲ್ಸಿಯಸ್ ತಲುಪುವಂತೆ ಕಾಯಿಸಿ 30 ನಿಮಿಷ ಇರಿಸಬೇಕೆಂಬ ನಿಯಮ ಇಂಥ ಕೀಟಗಳನ್ನೇ ಗಮನದಲ್ಲಿಟ್ಟು ಬಂದದ್ದು.

2.6. ಗಿಡಕ್ಕೆ ಹಾನಿ ಎರಡು ದಾರಿಯಲ್ಲಿ ಆಗಬಹುದು. ಸುರಂಗಗಳು ಸೇರಿ ಕಾಂಡ ಬಲಗೆಟ್ಟು ಮುರಿಯುವುದು ಚಹಾ ಗಿಡದಲ್ಲಿ ಚೆನ್ನಾಗಿ ದಾಖಲಾಗಿದೆ. ಬೆಣ್ಣೆಹಣ್ಣಿನ ಮರದಲ್ಲಿ ದುಂಬಿ ತಂದ ಫ್ಯುಸೇರಿಯಂ ಜಾತಿಯ ಶಿಲೀಂಧ್ರವೇ ನೀರಿನ ನಾಳಗಳನ್ನು ಕೆಡಿಸಿ ಕೊಂಬೆ ಒಣಗಿಸುತ್ತದೆ. ಚಹಾದ ಶಿಲೀಂಧ್ರವನ್ನು 1947ರಲ್ಲಿ ಗ್ಯಾಡ್ ಮತ್ತು ಲೂಸ್ ಮೊನಾಕ್ರೊಸ್ಪೋರಿಯಂ ಎಂಬ ಜಾತಿಯಲ್ಲಿ ವಿವರಿಸಿದ್ದರು. ಅದನ್ನು ಫ್ಯುಸೇರಿಯಂಗೆ ಸೇರಿಸಿದವರು ಅಗ್ನಿಹೋತ್ರುಡು ಮತ್ತು ನಿರೆನ್‌ಬರ್ಗ್, 1990ರಲ್ಲಿ. ಬೆಣ್ಣೆಹಣ್ಣಿನ ಶಿಲೀಂಧ್ರಕ್ಕೆ ಫ್ಯುಸೇರಿಯಂ ಯೂವಲ್ಲೇಸಿಯೆ ಎಂಬ ಹೆಸರು 2013ರಲ್ಲಿ ಬಂದಿತು. ದುಂಬಿಯ ಹೆಸರು ಬದಲಾದಂತೆ ಜೊತೆಗಾರನ ಹೆಸರೂ ಬದಲಾಗುತ್ತ ಬಂದಿದೆ. ಒಂದನ್ನು ಸರಿಪಡಿಸಿ ಇನ್ನೊಂದನ್ನು ಹಾಗೆಯೇ ಬಿಟ್ಟ ಬರಹಗಳು ಸಾಕಷ್ಟಿವೆ.

3. ಹೆಸರುಗಳ ತೊಡಕು

3.1. ದಾಳಿಂಬೆಯ ಶಾಟ್ ಹೋಲ್ ದುಂಬಿಗೆ ಭಾರತದ ಬರಹಗಳಲ್ಲಿ ಮುಖ್ಯವಾಗಿ ಎರಡು ಹೆಸರು ಕಾಣುತ್ತವೆ. ಒಂದು ಜೈಲೆಬೋರಸ್ ಪರ್ಫೊರಾನ್ಸ್. ಜಗ್ಗಿನವರ ಮತ್ತು ನಾಯಕ್ 2005ರಲ್ಲಿ ಪ್ರಕಟಿಸಿದ ನಿರ್ವಹಣಾ ಪ್ರಬಂಧದಲ್ಲಿರುವುದು ಈ ಹೆಸರು. ಇನ್ನೊಂದು ಜೈಲೆಬೋರಸ್ ಫೋರ್ನಿಕೇಟಸ್, ಇತ್ತೀಚಿನ ರೂಪದಲ್ಲಿ ಯೂವಲ್ಲೇಸಿಯಾ ಫೋರ್ನಿಕೇಟಸ್. ವಿಸ್ತರಣಾ ಕೈಪಿಡಿಗಳಲ್ಲಿ ಎರಡನ್ನೂ ಒಂದರ ಬದಲು ಇನ್ನೊಂದೆಂಬಂತೆ ಬಳಸಿರುವುದುಂಟು. ಇವು ಒಂದೇ ಕೀಟದ ಹಳೆಯ ಮತ್ತು ಹೊಸ ಹೆಸರುಗಳಲ್ಲ. ಬೇರೆ ಬೇರೆ ಕೀಟಗಳು.

3.2. ಪರ್ಫೊರಾನ್ಸ್ ಅನ್ನು ವೋಲಾಸ್ಟನ್ 1857ರಲ್ಲಿ ಮಡೈರಾ ದ್ವೀಪದ ಮಾದರಿಗಳಿಂದ ವಿವರಿಸಿದ. ಮೈ ನೀಳವಾದದ್ದು, ಬಣ್ಣ ಕೆಂಗಂದು. ಉಷ್ಣವಲಯದಲ್ಲೆಲ್ಲ ಹರಡಿರುವ ಈ ದುಂಬಿ ಸಾಮಾನ್ಯವಾಗಿ ಕಡಿದ ಮರ, ಸಾಯುತ್ತಿರುವ ಗಿಡ ಮತ್ತು ತೇವವುಳ್ಳ ಮರದ ತುಂಡುಗಳನ್ನು ಆರಿಸಿಕೊಳ್ಳುತ್ತದೆ. ಬ್ರಿಟಿಷರ ಕಾಲದಲ್ಲಿ ಭಾರತದ ಗೋದಾಮುಗಳ ಬಿಯರ್ ಪೀಪಾಯಿಗಳನ್ನು ಕೊರೆದು ಸೋರಿಸಿದ ದುಂಬಿಯ ಬಗ್ಗೆ ಬ್ಲಾಂಡ್‌ಫೋರ್ಡ್ 1893ರಲ್ಲಿ ಬರೆದ ವರದಿ ಇದೇ ಕೀಟದ್ದು. ಬದುಕಿರುವ ಗಿಡದ ರಸ ಇದಕ್ಕೆ ಅಗತ್ಯವಲ್ಲ, ತೇವವಿದ್ದರೆ ಸಾಕು ಎಂಬುದಕ್ಕೆ ಅದಕ್ಕಿಂತ ನೇರ ಪುರಾವೆ ಬೇಕಿಲ್ಲ.

3.3. ಫೋರ್ನಿಕೇಟಸ್ ಅನ್ನು ಐಕ್‌ಹಾಫ್ 1868ರಲ್ಲಿ ಸಿಲೋನಿನ, ಎಂದರೆ ಇಂದಿನ ಶ್ರೀಲಂಕಾದ ಮಾದರಿಗಳಿಂದ ವಿವರಿಸಿದ. ವುಡ್ ಮತ್ತು ಬ್ರೈಟ್ ಅವರ 1992ರ ಸೂಚಿಯಲ್ಲಿ ಇದು ಯೂವಲ್ಲೇಸಿಯಾ ಜಾತಿಯಲ್ಲಿದೆ. ಪರ್ಫೊರಾನ್ಸ್‌ಗೆ ಹೋಲಿಸಿದರೆ ಇದರ ವರ್ತನೆ ಬೇರೆ. ಹೊರನೋಟಕ್ಕೆ ಆರೋಗ್ಯವಾಗಿರುವ, ಬದುಕಿರುವ ಗಿಡಗಳಿಗೂ ಇದು ಇಳಿಯುತ್ತದೆ.

3.4. ಫೋರ್ನಿಕೇಟಸ್ ಎಂಬುದೂ ಒಂದೇ ಪ್ರಭೇದವಲ್ಲ. ವಂಶವಾಹಿ ಹೋಲಿಕೆಗಳಿಂದ ಇದು ಹೊರರೂಪದಲ್ಲಿ ಬೇರ್ಪಡಿಸಲಾಗದ ಹಲವು ವಂಶಗಳ ಸಂಕೀರ್ಣವೆಂದು ಕಳೆದ ದಶಕದಲ್ಲಿ ತಿಳಿದುಬಂತು. ಐಕ್‌ಹಾಫ್ ನೋಡಿದ ಮೂಲಮಾದರಿಗಳು ಕಳೆದುಹೋಗಿವೆಯೆಂಬ ನಂಬಿಕೆಯ ಮೇಲೆ 2018ರಲ್ಲಿ ಗೋಮೆಜ್ ಮತ್ತು ಸಂಗಡಿಗರು ಹೆಸರುಗಳನ್ನು ಹಂಚಿದರು. ಪಾಲಿಫೇಗಸ್ ಶಾಟ್ ಹೋಲ್ ಬೋರರ್ ಎಂದು ಕರೆಯುವ ವಂಶಕ್ಕೆ ಆಗ ಯೂವಲ್ಲೇಸಿಯಾ ವಿಟ್‌ಫೋರ್ಡಿಯೊಡೆಂಡ್ರಸ್ ಎಂಬ ಹೆಸರು ಬಿತ್ತು. ಮರುವರ್ಷವೇ ಐಕ್‌ಹಾಫನ ಮೂಲಮಾದರಿಗಳಲ್ಲಿ ಒಂದು ಮತ್ತೆ ಸಿಕ್ಕಿತು. ಅದನ್ನು ಅಳೆದು ನೋಡಿದ ಸ್ಮಿತ್ ಮತ್ತು ಸಂಗಡಿಗರು 2019ರಲ್ಲಿ ಹಂಚಿಕೆಯನ್ನು ಬದಲಿಸಿದರು. ಅವರ ತೀರ್ಮಾನದಂತೆ ಪಾಲಿಫೇಗಸ್ ವಂಶವೇ ನಿಜವಾದ ಫೋರ್ನಿಕೇಟಸ್. ವಿಟ್‌ಫೋರ್ಡಿಯೊಡೆಂಡ್ರಸ್ ಅದರ ಸಮನಾಮ. ಚಹಾದ ಕೀಟವೆಂದು ರೂಢಿಯಾಗಿದ್ದ ವಂಶಗಳಿಗೆ ಪರ್‌ಬ್ರೆವಿಸ್, ಫೋರ್ನಿಕೇಟಿಯರ್ ಎಂಬ ಹೆಸರುಗಳು ಉಳಿದವು. ನಾಲ್ಕನೆಯದು ಕುರೊಶಿಯೊ.

3.5. ಇದರಿಂದ ಹಳೆಯ ದಾಖಲೆಯ ಓದುಗರಿಗೆ ಒಂದು ನಿರ್ದಿಷ್ಟ ತೊಂದರೆ ಬರುತ್ತದೆ. 2018ಕ್ಕೆ ಮೊದಲಿನ ಬರಹದಲ್ಲಿ ಫೋರ್ನಿಕೇಟಸ್ ಎಂದಿದ್ದರೆ ಅದು ಇಡೀ ಸಂಕೀರ್ಣ. 2018 ಮತ್ತು 2019ರ ನಡುವೆ ಇದ್ದರೆ ಬರಹಗಾರರು ಯಾವ ಹಂಚಿಕೆಯನ್ನು ಒಪ್ಪಿದ್ದರು ಎಂದು ನೋಡಬೇಕು. 2019ರ ನಂತರ ಇದ್ದರೆ, ವಂಶವಾಹಿ ಪರೀಕ್ಷೆಯ ಉಲ್ಲೇಖವಿದ್ದಾಗ ಮಾತ್ರ ಪಾಲಿಫೇಗಸ್ ವಂಶವೆಂದು ಎಣಿಸಬಹುದು. ದಾಳಿಂಬೆಯ ಕೀಟದ ಬಗ್ಗೆ ಬಂದಿರುವ ನಿರ್ವಹಣಾ ಪ್ರಬಂಧಗಳಲ್ಲಿ ಮಾದರಿಯನ್ನು ಯಾವ ಸಂಗ್ರಹಾಲಯದಲ್ಲಿ ಇಡಲಾಗಿದೆ ಎಂಬ ವಿವರ ಅಪರೂಪ. ಔಷಧಿಯ ಪ್ರಮಾಣ ದಶಾಂಶದವರೆಗೆ ಇರುತ್ತದೆ, ಕೀಟದ ಗುರುತು ಒಂದೇ ಪದದಲ್ಲಿ ಮುಗಿಯುತ್ತದೆ. ಹಾಗಾಗಿ ನಾಲ್ಕು ತಾಲ್ಲೂಕುಗಳಿಗೆ ಅನ್ವಯಿಸುವ ಈವರೆಗಿನ ಉಲ್ಲೇಖಗಳನ್ನು "ಫೋರ್ನಿಕೇಟಸ್ ಸಂಕೀರ್ಣ ಅಥವಾ ಪರ್ಫೊರಾನ್ಸ್" ಎಂದು ಓದುವುದೇ ಸದ್ಯಕ್ಕೆ ಪ್ರಾಮಾಣಿಕವಾದ ಓದು.

4. "ಆಕ್ರಮಣಕಾರಿ" ಎಂಬ ವಿಶೇಷಣದ ಬಗ್ಗೆ

4.1. ಈ ಸಂಕೀರ್ಣವನ್ನು ಜಗತ್ತಿನ ಕೀಟಸಾಹಿತ್ಯ ಆಕ್ರಮಣಕಾರಿ ಎಂದು ಕರೆಯುವುದು ಅದು ಏಷ್ಯಾದ ಹೊರಗೆ ಮಾಡಿದ ಹಾನಿಯಿಂದ. ಮುಖ್ಯ ಇಸವಿಗಳಲ್ಲಿಯೇ ಬರಹದಿಂದ ಬರಹಕ್ಕೆ ವ್ಯತ್ಯಾಸವಿದೆ. ಕ್ಯಾಲಿಫೋರ್ನಿಯಾಕ್ಕೆ ಕೆಲವರು 2003 ಎನ್ನುತ್ತಾರೆ, ಕೆಲವರು 2012. ಮೊದಲನೆಯದು ಲಾಸ್ ಏಂಜಲಿಸ್ ಕೌಂಟಿಯ ವಿಟ್ಟಿಯರ್ ನ್ಯಾರೋಸ್‌ನಲ್ಲಿ ಮಾದರಿ ಸಿಕ್ಕ ವರ್ಷ. ಎರಡನೆಯದು ಬೆಣ್ಣೆಹಣ್ಣಿನ ಗಿಡಗಳ ಒಣಗುವಿಕೆಗೆ ದುಂಬಿ ಮತ್ತು ಫ್ಯುಸೇರಿಯಂ ಜೋಡಿಯನ್ನು ಹೊಣೆಯಾಗಿಸಿದ ವರ್ಷ. ಇಸ್ರೇಲಿನಲ್ಲಿ 2009. ದಕ್ಷಿಣ ಆಫ್ರಿಕಾಕ್ಕೆ 2017 ಎಂದೂ 2018 ಎಂದೂ ಕಾಣುತ್ತದೆ. ಪೀಟರ್‌ಮಾರಿಟ್ಸ್‌ಬರ್ಗ್ ಸಸ್ಯೋದ್ಯಾನದಲ್ಲಿ ಗುರುತಿಸಿದ್ದು 2017, ಪ್ರಬಂಧ ಬಂದದ್ದು 2018. ಆದರೆ ಡರ್ಬನ್ ಕಡೆಯಿಂದ 2012ರಲ್ಲೇ ತೆಗೆದಿದ್ದ ಮಾದರಿಯೊಂದು ಇದೇ ಕೀಟದ್ದೆಂದು ಆಮೇಲೆ ತಿಳಿಯಿತು. ಪಶ್ಚಿಮ ಆಸ್ಟ್ರೇಲಿಯಾದ ಈಸ್ಟ್ ಫ್ರೀಮ್ಯಾಂಟಲ್‌ನಲ್ಲಿ 2021.

4.2. ಸಂಗ್ರಹಿಸಿದ ವರ್ಷ, ಗುರುತಿಸಿದ ವರ್ಷ, ಪ್ರಕಟಿಸಿದ ವರ್ಷ ಎಂಬ ಮೂರನ್ನೂ ಬೇರೆ ಬೇರೆಯಾಗಿ ಬರೆದರೆ ಈ ವ್ಯತ್ಯಾಸಗಳು ಬಹುಮಟ್ಟಿಗೆ ಕರಗುತ್ತವೆ. 2003ಕ್ಕೂ 2012ಕ್ಕೂ ನಡುವಿನ ಅಂತರ ದುಂಬಿಯ ಹರಡುವಿಕೆಯ ವೇಗವನ್ನು ಹೇಳುವುದಿಲ್ಲ, ಮನುಷ್ಯರು ಗಮನಿಸಿದ ವೇಗವನ್ನು ಹೇಳುತ್ತದೆ.

4.3. ಸ್ಟೌಟ್‌ಹ್ಯಾಮರ್ ಮತ್ತು ಸಂಗಡಿಗರ 2017ರ ವಂಶವಾಹಿ ಅಧ್ಯಯನ ಕ್ಯಾಲಿಫೋರ್ನಿಯಾ ಮತ್ತು ಇಸ್ರೇಲಿನ ಪಾಲಿಫೇಗಸ್ ದುಂಬಿಗಳ ಮೂಲವನ್ನು ವಿಯೆಟ್ನಾಮಿನತ್ತ, ಕುರೊಶಿಯೊ ಮೂಲವನ್ನು ತೈವಾನಿನತ್ತ ತೋರಿಸಿತು. ಸಂಕೀರ್ಣದ ಸಹಜ ನೆಲೆ ದಕ್ಷಿಣ ಮತ್ತು ಆಗ್ನೇಯ ಏಷ್ಯಾ; ಐಕ್‌ಹಾಫನ ಮಾದರಿಯೇ ಶ್ರೀಲಂಕಾದ್ದು. ಹೀಗಿರುವಾಗ ಸಿರಾ ಅಥವಾ ಮಧುಗಿರಿಯ ದಾಳಿಂಬೆಯಲ್ಲಿ ಸಿಕ್ಕ ದುಂಬಿಯನ್ನು ವಿದೇಶದಿಂದ ಬಂದದ್ದೆಂದು ಬರೆಯುವುದಕ್ಕೆ ಆಧಾರವಿಲ್ಲ. ದಾಳಿಂಬೆಯ ವಾಣಿಜ್ಯ ಬೇಸಾಯ ಒಣ ತಾಲ್ಲೂಕುಗಳಿಗೆ ಹಬ್ಬಿದಾಗ, ಮೊದಲೇ ಈ ಸೀಮೆಯಲ್ಲಿದ್ದ ಕೀಟ ಹೊಸ ಆಸರೆಗಿಡವನ್ನು ಕಂಡುಕೊಂಡಿತು ಎಂಬ ವಿವರಣೆ ಹೆಚ್ಚು ಸಂಭವನೀಯ. ಪೂರ್ವ ಏಷ್ಯಾದ ವಂಶವೊಂದು ಆಮದಾಗಿ ಸ್ಥಳೀಯ ವಂಶದೊಂದಿಗೆ ಬೆರೆತಿರುವ ಸಾಧ್ಯತೆಯನ್ನು ತಳ್ಳಿಹಾಕಲು ವಂಶವಾಹಿ ಪರೀಕ್ಷೆಯೇ ಬೇಕು, ತೂತುಗಳ ಎಣಿಕೆ ಸಾಲದು.

5. ಸೊರಗು ರೋಗದೊಂದಿಗಿನ ನಂಟು

5.1. ಮೊದಲು ಇಸವಿಗಳು. ದಾಳಿಂಬೆಯ ಸೊರಗು ರೋಗ ಬಿಜಾಪುರ ಜಿಲ್ಲೆಯಲ್ಲಿ 1990ರಲ್ಲಿ ಕಾಣಿಸಿಕೊಂಡಿತು, 1993ರ ಹೊತ್ತಿಗೆ ಜಿಲ್ಲೆಯಲ್ಲೆಲ್ಲ ಹರಡಿತು, 1996ರಲ್ಲಿ ಸೆರಾಟೊಸಿಸ್ಟಿಸ್ ಫಿಂಬ್ರಿಯಾಟಾ ಎಂಬ ಶಿಲೀಂಧ್ರವನ್ನು ಕಾರಣವೆಂದು ಗುರುತಿಸಲಾಯಿತು ಎಂಬ ಕ್ರಮ ಅನಂತರದ ಬರಹಗಳಲ್ಲಿ ಪದೇ ಪದೇ ಬರುತ್ತದೆ. ಭಾರತದ ಹೊಸ ದಾಖಲೆಯೆಂದು ಸೋಮಶೇಖರ ಅವರು ಪ್ಲಾಂಟ್ ಡಿಸೀಸ್ ಪತ್ರಿಕೆಯಲ್ಲಿ ಪ್ರಕಟಿಸಿದ ಟಿಪ್ಪಣಿ 1999ರದು. ಇಲ್ಲಿಯೂ ನೋಡಿದ, ಗುರುತಿಸಿದ, ಪ್ರಕಟಿಸಿದ ವರ್ಷಗಳು ಬೇರೆ ಬೇರೆ. "ಮೊದಲ ದಾಖಲೆ" ಎಂದು ಇವುಗಳಲ್ಲಿ ಯಾವುದನ್ನು ಬರೆದರೂ ಜೊತೆಗೆ ಯಾವ ಅರ್ಥದಲ್ಲಿ ಎಂದು ಬರೆಯಬೇಕಾಗುತ್ತದೆ. ಇನ್ನೊಂದು ಎಚ್ಚರಿಕೆ: 1997ರ ಆಗಸ್ಟ್‌ಗೆ ಮೊದಲಿನ ಬಿಜಾಪುರ ಜಿಲ್ಲೆಯಲ್ಲಿ ಇಂದಿನ ಬಾಗಲಕೋಟೆಯೂ ಸೇರಿತ್ತು. ಹಳೆಯ ನಕಾಶೆಯ ರೋಗವ್ಯಾಪ್ತಿಯನ್ನು ಇಂದಿನ ವಿಜಯಪುರಕ್ಕೆ ಸೀಮಿತಗೊಳಿಸಿದರೆ ತಪ್ಪಾಗುತ್ತದೆ.

5.2. ರೋಗದ ಲಕ್ಷಣಗಳು ಬೆಳೆಗಾರರಿಗೆ ಪರಿಚಿತ. ಮೊದಲು ಒಂದೋ ಎರಡೋ ಕೊಂಬೆಯ ಎಲೆ ಹಳದಿಯಾಗಿ ಜೋಲುತ್ತದೆ; ಮುಂದೆ ಇಡೀ ಗಿಡ ಒಣಗುತ್ತದೆ. ಕಾಂಡವನ್ನು ಅಡ್ಡ ಕೊಯ್ದರೆ ಮರಭಾಗದಲ್ಲಿ ಕಂದುಬೂದು ಕಲೆ ಕಾಣುತ್ತದೆ. ಸೊರಗುವ ಗಿಡಗಳಲ್ಲಿ ಸೆರಾಟೊಸಿಸ್ಟಿಸ್ ಒಂದೇ ಅಲ್ಲ, ಫ್ಯುಸೇರಿಯಂ, ಬೇರುಗಂಟು ಜಂತುಹುಳು ಮತ್ತು ಶಾಟ್ ಹೋಲ್ ದುಂಬಿಗಳೂ ವರದಿಯಾಗಿವೆ. ಕೈಪಿಡಿಗಳು ಇವೆಲ್ಲವನ್ನೂ ಕಾರಣಗಳೆಂದು ಒಟ್ಟಿಗೆ ಪಟ್ಟಿಮಾಡುತ್ತವೆ. ಒಂದೇ ಗಿಡದಲ್ಲಿ ಜೊತೆಗೆ ಸಿಗುವುದನ್ನೂ ಒಂದರಿಂದ ಇನ್ನೊಂದಾಗುವುದನ್ನೂ ಬೇರ್ಪಡಿಸದೆ ಪಟ್ಟಿ ಬೆಳೆಯುತ್ತ ಹೋಗಿದೆ.

5.3. ದುಂಬಿ ಮತ್ತು ಸೆರಾಟೊಸಿಸ್ಟಿಸ್ ನಡುವೆ ಯಾವುದು ಮುಂಚೆ? ಸೆರಾಟೊಸಿಸ್ಟಿಸ್ ಈ ದುಂಬಿ ಸಾಕುವ ಶಿಲೀಂಧ್ರವಲ್ಲ, ಮೈಕ್ಯಾಂಜಿಯದಲ್ಲಿ ಪಾಲಿಸುವಂಥದ್ದೂ ಅಲ್ಲ. ಆದರೆ ಅದರ ದಪ್ಪಗೋಡೆಯ ಬೀಜಕಣಗಳು ಮರದೊಳಗೆ ದೀರ್ಘಕಾಲ ಬದುಕುತ್ತವೆ, ಸೋಂಕಿದ ಗಿಡವನ್ನು ಕೊರೆದಾಗ ಬೀಳುವ ಪುಡಿಯೊಂದಿಗೆ ಹೊರಬರುತ್ತವೆ. ಹವಾಯಿಯ ಓಹಿಯಾ ಮರಗಳಲ್ಲಿ ಇದೇ ಜಾತಿಯ ಬೇರೊಂದು ಶಿಲೀಂಧ್ರ ಮೊದಲು ಗಿಡವನ್ನು ಹಿಡಿಯುತ್ತದೆ, ಸೋತ ಗಿಡಕ್ಕೆ ಅಂಬ್ರೋಸಿಯಾ ದುಂಬಿ ಇಳಿಯುತ್ತದೆ, ಪುಡಿ ಗಾಳಿ ಮತ್ತು ನೀರಿನೊಂದಿಗೆ ಸೋಂಕನ್ನು ಮುಂದೊಯ್ಯುತ್ತದೆ. ಒಮಾನಿನ ಮಾವಿನ ದಿಢೀರ್ ಒಣಗುವಿಕೆಯಲ್ಲಿ, 1998ರಿಂದ ಗಮನಕ್ಕೆ ಬಂದ ಆ ರೋಗದಲ್ಲಿ, ತೊಗಟೆದುಂಬಿ ಗಾಯವನ್ನೂ ಮಾಡಿ ಶಿಲೀಂಧ್ರವನ್ನೂ ತರುತ್ತದೆ ಎಂಬುದು ಹೆಚ್ಚಿನವರ ಅಭಿಪ್ರಾಯ. ಒಂದೇ ಜಾತಿಯ ಶಿಲೀಂಧ್ರ, ಎರಡು ಬೇರೆ ಕ್ರಮಗಳು. ದಾಳಿಂಬೆ ಇವುಗಳಲ್ಲಿ ಯಾವುದನ್ನು ಹೋಲುತ್ತದೆಂದು ಮೊದಲೇ ಊಹಿಸಿಕೊಳ್ಳಬಾರದು.

5.4. ಮೂರನೆಯ ಭಾಗದ ತೊಡಕು ಇಲ್ಲಿ ತೋಟದ ವಿಷಯವಾಗುತ್ತದೆ. ತೂತು ಕೊರೆದದ್ದು ಪರ್ಫೊರಾನ್ಸ್ ಆಗಿದ್ದರೆ, ಅದರ ಒಟ್ಟು ಸ್ವಭಾವವನ್ನು ನೋಡಿದಾಗ, ಗಿಡ ಮೊದಲೇ ಸೋತಿತ್ತು ಎಂದು ಭಾವಿಸುವುದು ಸಮಂಜಸ. ಆಗ ತೂತು ರೋಗದ ಸೂಚನೆ. ದುಂಬಿಯನ್ನು ಕೊಂದ ಮಾತ್ರಕ್ಕೆ ಗಿಡ ಉಳಿಯದು. ಅದು ಫೋರ್ನಿಕೇಟಸ್ ಸಂಕೀರ್ಣದ್ದಾಗಿದ್ದರೆ ಆರೋಗ್ಯವಂತ ಗಿಡಕ್ಕೇ ಇಳಿದಿರಬಹುದು, ತನ್ನ ಫ್ಯುಸೇರಿಯಂನಿಂದಲೇ ಕೊಂಬೆ ಒಣಗಿಸಿರಬಹುದು. ಆಗ ಸೆರಾಟೊಸಿಸ್ಟಿಸ್ ಇಲ್ಲದೆಯೂ ಸೊರಗಿನಂಥ ಲಕ್ಷಣ ಬರುವುದು ಸಾಧ್ಯ, ಕಾಂಡದ ಮೇಲಿನ ಲೇಪಕ್ಕೆ ನಿಜವಾದ ಬೆಲೆಯೂ ಇದೆ. ಎರಡು ಸನ್ನಿವೇಶಗಳಿಗೂ ಒಂದೇ ಶಿಫಾರಸು ಕೊಡುವುದು ಈಗಿನ ರೂಢಿ.

5.5. ಆ ರೂಢಿಯೇ ಪುರಾವೆಯನ್ನೂ ಮಸುಕುಗೊಳಿಸಿದೆ. ಕೆಮ್ಮಣ್ಣಿನೊಂದಿಗೆ ಕೀಟನಾಶಕ ಮತ್ತು ತಾಮ್ರದ ಶಿಲೀಂಧ್ರನಾಶಕವನ್ನು ಕಲಸಿ ಬುಡಕ್ಕೆ ಬಳಿಯುವುದು, ಬುಡದ ಮಣ್ಣಿಗೆ ಕೀಟನಾಶಕ ಮತ್ತು ಶಿಲೀಂಧ್ರನಾಶಕವನ್ನು ಒಟ್ಟಿಗೆ ಸುರಿಯುವುದು ಸಾಮಾನ್ಯ ಸಲಹೆ. ಬೆಳೆಗಾರನ ದೃಷ್ಟಿಯಿಂದ ಇದು ವಿವೇಕವೇ. ಗಿಡ ಸಾಯುತ್ತಿರುವಾಗ ಕಾರಣ ಬೇರ್ಪಡಿಸಲು ಯಾರೂ ಕಾಯಲಾರರು. ಆದರೆ ಹಾಗೆ ಉಳಿದ ಗಿಡ ಯಾವುದರಿಂದ ಉಳಿಯಿತೆಂದು ಹೇಳಲಾಗದು. ಮಿಶ್ರಣದ ಫಲಿತಾಂಶವನ್ನು ದುಂಬಿಯೇ ಕಾರಣವೆಂಬುದಕ್ಕೆ ಸಾಕ್ಷಿಯಾಗಿ ಉಲ್ಲೇಖಿಸಿರುವ ಕಡೆ ಆ ಉಲ್ಲೇಖವನ್ನು ಬದಿಗಿಡುವುದು ಒಳ್ಳೆಯದು.

5.6. ಬೇರ್ಪಡಿಸುವ ಕ್ರಮ ಕಷ್ಟದ್ದೇನಲ್ಲ. ಲಕ್ಷಣ ಆಗಷ್ಟೇ ಶುರುವಾದ, ಔಷಧಿ ಕಾಣದ ಗಿಡವನ್ನು ಬೇರುಸಹಿತ ಕಿತ್ತು ಬುಡದಿಂದ ಮೇಲಕ್ಕೆ ತುಂಡು ತುಂಡಾಗಿ ಸೀಳಬೇಕು. ಕಲೆ ಬೇರಿನಿಂದ ಎದ್ದು ತೂತಿಲ್ಲದ ಭಾಗದಲ್ಲೂ ಹರಿದಿದ್ದರೆ ಶಿಲೀಂಧ್ರ ಮುಂಚೆ ಬಂದಿತೆಂಬ ವಾದಕ್ಕೆ ಬಲ. ಕಲೆ ಸುರಂಗಗಳ ಸುತ್ತ ಮಾತ್ರ ಇದ್ದು ಬೇರು ಬೆಳ್ಳಗಿದ್ದರೆ ದುಂಬಿ ಮುಂಚೆ ಬಂದಿತೆಂಬ ವಾದಕ್ಕೆ ಬಲ. ಕಲೆಯಿರುವ ಚಕ್ಕೆಯನ್ನು ಎರಡು ಕ್ಯಾರೆಟ್ ಬಿಲ್ಲೆಗಳ ನಡುವೆ ತೇವದಲ್ಲಿಡುವುದು ಸೆರಾಟೊಸಿಸ್ಟಿಸ್ ಹಿಡಿಯಲು ಬಹಳ ಹಿಂದಿನಿಂದ ಬಳಕೆಯಲ್ಲಿರುವ ಉಪಾಯ. ಸುರಂಗದ ಪುಡಿಯನ್ನೂ ಹಾಗೆಯೇ ಬೇರೆಯಾಗಿ ಪರೀಕ್ಷಿಸಬೇಕು. ಈಗ ದೊರೆಯುವ ಬರಹಗಳ ಆಧಾರದ ಮೇಲೆ ಈ ಟಿಪ್ಪಣಿಯ ಒಲವು ಶಿಲೀಂಧ್ರ ಮೊದಲು, ದುಂಬಿ ಆಮೇಲೆ ಎಂಬ ಕ್ರಮದತ್ತ ಇದೆ. ಸೋಂಕು ಸಸಿ, ಮಣ್ಣು, ಕತ್ತರಿಗಳಿಂದಲೂ ಹರಡುತ್ತದೆ, ದುಂಬಿಯಿಲ್ಲದ ತೋಟಗಳಲ್ಲೂ ಸೊರಗು ವರದಿಯಾಗಿದೆ ಎಂಬುದು ಇದಕ್ಕೆ ಕಾರಣ. ಮೇಲಿನ ಬಗೆಯ ಸೀಳುನೋಟ ಸಾಕಷ್ಟು ಗಿಡಗಳಲ್ಲಿ ಬೇರೆ ಉತ್ತರ ಕೊಟ್ಟರೆ ಈ ಒಲವನ್ನು ಬಿಡಬೇಕಾಗುತ್ತದೆ.

6. ಆಸರೆಗಿಡಗಳು ಮತ್ತು ಬಲೆಗಳು

6.1. ದುಂಬಿ ಕೊರೆದ ಗಿಡವೆಲ್ಲ ಅದು ಸಂತಾನ ಬೆಳೆಸಬಲ್ಲ ಗಿಡವಲ್ಲ. ಎಸ್ಕಲೆನ್ ಮತ್ತು ಸಂಗಡಿಗರು 2013ರಲ್ಲಿ ಕ್ಯಾಲಿಫೋರ್ನಿಯಾದ ಎರಡು ಸಸ್ಯೋದ್ಯಾನಗಳಿಂದ ಕೊಟ್ಟ ಲೆಕ್ಕ ಇದನ್ನು ಚೆನ್ನಾಗಿ ತೋರಿಸುತ್ತದೆ: ನೋಡಿದ 335 ಸಸ್ಯ ಪ್ರಭೇದಗಳಲ್ಲಿ 207ರ ಮೇಲೆ ಕೊರೆತದ ಗುರುತಿತ್ತು, 113ರಲ್ಲಿ ಶಿಲೀಂಧ್ರ ಸಿಕ್ಕಿತು, ದುಂಬಿ ಸಂತಾನ ಬೆಳೆಸಿದ್ದು 19ರಲ್ಲಿ ಮಾತ್ರ. ಆದ್ದರಿಂದ ದಾಳಿಂಬೆಯನ್ನು ಆಸರೆಗಿಡವೆಂದು ಬರೆಯುವ ಮುನ್ನ ಸುರಂಗದಲ್ಲಿ ಮೊಟ್ಟೆ, ಮರಿಹುಳು, ಕೋಶಗಳನ್ನು ಕಂಡಿರಬೇಕು. ಹೊರಗಿನ ತೂತು ಸಾಲದು.

6.2. ಸಂತಾನ ಬೆಳೆಯುವ ಆ ಕೆಲವೇ ಗಿಡಗಳಲ್ಲಿ ಹರಳು ಗಿಡ ಒಂದು. ಶ್ರೀಲಂಕಾದ ಚಹಾ ಸೀಮೆಯಲ್ಲೂ ಅದು ಬದಲಿ ಆಸರೆಯೆಂದು ಹೆಸರಾಗಿದೆ. ಹಾಲುವಾಣದ ಜಾತಿಯ ಮರಗಳೂ ಪಟ್ಟಿಯಲ್ಲಿವೆ. ಕೊರಟಗೆರೆಯಿಂದ ಪಾವಗಡದವರೆಗೆ ಹೊಲದ ಬದುಗಳಲ್ಲಿ, ಊರಿನ ಅಂಚಿನಲ್ಲಿ ಹರಳು ತಾನಾಗಿಯೂ ಬೆಳೆಯುತ್ತದೆ, ಬೆಳೆಯಾಗಿಯೂ ಇದೆ. ದಾಳಿಂಬೆ ತೋಟದ ಪಕ್ಕದ ಬದುವಿನ ಒಣ ಹರಳು ಕಾಂಡಗಳನ್ನು ಸೀಳಿ ನೋಡುವುದು ಕೀಟದ ಮೂಲವನ್ನು ಹುಡುಕಲು ಅಗ್ಗದ ಮೊದಲ ಹೆಜ್ಜೆ. ಕಿತ್ತ ದಾಳಿಂಬೆ ಗಿಡಗಳನ್ನು ಬದುವಿನ ಮೇಲೆ ತಿಂಗಳುಗಟ್ಟಲೆ ಒಟ್ಟಿಡುವುದಂತೂ ಯಾವ ಪ್ರಭೇದವಾದರೂ ಅಪಾಯಕಾರಿ. ಒಳಗಿರುವ ಕೋಶಗಳು ದುಂಬಿಯಾಗಿ ಹೊರಬರಲು ಅಷ್ಟು ಸಮಯ ಸಾಕು.

6.3. ಮದ್ಯಸಾರ ಹಾಕಿದ ಬಾಟಲಿ ಬಲೆಗಳ ಎಣಿಕೆಯನ್ನು ಎಚ್ಚರದಿಂದ ಓದಬೇಕು. ಸೋತ ಗಿಡಗಳು ಬಿಡುವ ಎಥೆನಾಲ್ ಹಲವು ಅಂಬ್ರೋಸಿಯಾ ದುಂಬಿಗಳನ್ನು ಸೆಳೆಯುತ್ತದೆ. ಫೋರ್ನಿಕೇಟಸ್ ಸಂಕೀರ್ಣವನ್ನು ಸೆಳೆಯುವುದು ಮುಖ್ಯವಾಗಿ ಕ್ವೆರ್ಸಿವೊರಾಲ್ ಎಂಬ ಬೇರೆ ರಾಸಾಯನಿಕ ಎಂದು ಫ್ಲೋರಿಡಾದ ಪ್ರಯೋಗಗಳಿಂದ 2015ರಲ್ಲಿ ತಿಳಿಯಿತು. ಮದ್ಯಸಾರದ ಬಲೆಯಲ್ಲಿ ಪರ್ಫೊರಾನ್ಸ್ ಹೆಚ್ಚು ಬಿದ್ದರೆ ತೋಟದಲ್ಲಿ ಅದೇ ಹೆಚ್ಚೆಂದು ಅರ್ಥವಲ್ಲ. ಬಹಾರ್‌ಗೆ, ಎಂದರೆ ಒಟ್ಟಿಗೆ ಹೂ ಬಿಡಿಸಲೆಂದು, ನೀರು ನಿಲ್ಲಿಸಿ ಗಿಡವನ್ನು ಒಣಗಿಸುವ ವಾರಗಳಲ್ಲಿ ಇಂಥ ವ್ಯತ್ಯಾಸ ಇನ್ನೂ ಹೆಚ್ಚಾಗುವ ಸಂಭವವಿದೆ.

7. ಮಾದರಿ ತೆಗೆಯುವವರಿಗೆ

ತೂತಿರುವ ಕಾಂಡದ ತುಂಡನ್ನು ಬಲೆಯಲ್ಲಿ ಬಿದ್ದ ದುಂಬಿಗಿಂತ ಮೇಲೆಂದು ಎಣಿಸಬೇಕು. ದುಂಬಿ, ಮರಿ, ಸುರಂಗ, ಕಲೆ ಎಲ್ಲವೂ ಅದರಲ್ಲಿ ಒಟ್ಟಿಗೆ ಸಿಗುತ್ತವೆ. ತುಂಡನ್ನು ತೋಟದಲ್ಲೇ ಸೀಳಿ, ಹೆಣ್ಣು ದುಂಬಿಗಳಲ್ಲಿ ಕೆಲವನ್ನು ವಂಶವಾಹಿ ಪರೀಕ್ಷೆಗೆಂದು 95 ಪ್ರತಿಶತಕ್ಕಿಂತ ಕಡಿಮೆಯಿಲ್ಲದ ಎಥೆನಾಲ್‌ನಲ್ಲಿ, ಕೆಲವನ್ನು ಶಿಲೀಂಧ್ರ ಬೆಳೆಸಲೆಂದು ಜೀವಂತವಾಗಿ ಬೇರೆ ಬೇರೆ ಇಡಬೇಕು. ಚೀಟಿಯಲ್ಲಿ ಊರು, ಹೋಬಳಿ, ತಾಲ್ಲೂಕು, ಅಕ್ಷಾಂಶ ರೇಖಾಂಶ, ತಾರೀಖು, ಗಿಡದ ತಳಿ ಮತ್ತು ವಯಸ್ಸು, ಸಸಿ ತಂದ ಊರು, ಕೊನೆಯ ಬಾರಿ ಬಳಿದ ಅಥವಾ ಸುರಿದ ಔಷಧಿ, ಸಂಗ್ರಹಿಸಿದವರ ಹೆಸರು ಇರಲಿ. ಗುರುತಿಸಿದವರ ಹೆಸರು ಮತ್ತು ತಾರೀಖಿಗೆ ಪ್ರತ್ಯೇಕ ಚೀಟಿ ಬೇಕು. ಮಾದರಿಗಳ ಒಂದು ಪಾಲನ್ನು ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋ ಅಥವಾ ಜಿಕೆವಿಕೆಯ ಕೀಟ ಸಂಗ್ರಹಕ್ಕೆ ಒಪ್ಪಿಸಿ, ಅಲ್ಲಿ ದೊರೆತ ಸಂಖ್ಯೆಯನ್ನು ಪ್ರಬಂಧದಲ್ಲಿ ಮುದ್ರಿಸಬೇಕು. ಅಂಥ ಸಂಖ್ಯೆ ಇಲ್ಲದಿದ್ದಾಗ "ಫೋರ್ನಿಕೇಟಸ್ ಸಂಕೀರ್ಣ ಅಥವಾ ಪರ್ಫೊರಾನ್ಸ್, ಮಾದರಿ ಇಟ್ಟಿಲ್ಲ" ಎಂದೇ ಬರೆಯುವಂತೆ ಈ ನಾಲ್ಕು ತಾಲ್ಲೂಕುಗಳಲ್ಲಿ ಕೆಲಸ ಮಾಡುವ ಎಲ್ಲರಲ್ಲಿ ಕೋರಿಕೆ.